ಚೀನೀ, ಕೊರಿಯನ್, ಜಪಾನೀ ಜನರು: ಭಾಷೆ ಮತ್ತು ಸಂಸ್ಕೃತಿಯ ಮೂಲಗಳು

ಚೀನೀ, ಕೊರಿಯನ್ ಮತ್ತು ಜಪಾನೀ ಜನರನ್ನು ಒಂದೇ ಬುಡದ ಮೂರು ಕೊಂಬೆಗಳೆಂದು ಹೊರಗಿನವರು ಭಾವಿಸುವುದು ರೂಢಿ. ಮುಖಚಹರೆ, ಅನ್ನ ತಿನ್ನುವ ಕಡ್ಡಿ, ಮೇಲಿನಿಂದ ಕೆಳಕ್ಕೆ ಬರೆದ ಅಂಗಡಿ ಫಲಕ, ನಡು ಬಾಗಿಸಿ ಮಾಡುವ ವಂದನೆ ಎಲ್ಲವೂ ಆ ಭಾವನೆಗೆ ನೀರೆರೆಯುತ್ತವೆ. ಗ್ರಂಥಾಲಯಕ್ಕೆ ಚೀನೀಯರು ‘ತುಶುಗ್ವಾನ್’ ಎನ್ನುತ್ತಾರೆ, ಕೊರಿಯನ್ನರು ‘ದೊಸೊಗ್ವಾನ್’, ಜಪಾನೀಯರು ‘ತೊಶೊಕಾನ್’. ಇಷ್ಟು ಕೇಳಿದ ಮೇಲೆ ಅನುಮಾನಕ್ಕೆ ಎಡೆಯೆಲ್ಲಿ? ಆದರೆ ಅದೇ ಮೂವರನ್ನು ನೀರಿಗೆ ಏನೆನ್ನುತ್ತೀರಿ ಎಂದು ಕೇಳಿದರೆ ‘ಶ್ವೇ’, ‘ಮುಲ್’, ‘ಮಿಜು’ ಎಂದು ಉತ್ತರ ಬರುತ್ತದೆ. ಮರಕ್ಕೆ ‘ಶು’, ‘ನಮು’, ‘ಕಿ’. ಗ್ರಂಥಾಲಯದಲ್ಲಿ ಒಂದಾದವರು ನೀರಿನ ಹತ್ತಿರ ಬೇರೆಯಾಗುತ್ತಾರೆ.

ಕನ್ನಡಿಗರಿಗೆ ಇದು ಹೊಸ ಸಂಗತಿಯೇನಲ್ಲ. ಗ್ರಂಥಾಲಯ ಎಂಬ ಮಾತು ನಮಗೂ ಮರಾಠಿಯವರಿಗೂ ಸಮಾನ; ನೀರು ಮತ್ತು ಮರ ನಮ್ಮವು, ಪಾಣಿ ಮತ್ತು ಝಾಡ್ ಅವರವು. ಸಂಸ್ಕೃತದ ಶಬ್ದರಾಶಿಯನ್ನು ಕಂಡು ಕನ್ನಡವನ್ನು ಸಂಸ್ಕೃತದ ಮಗಳೆಂದು ಕರೆದವರು ಮಾಡಿದ ತಪ್ಪನ್ನೇ ಪೂರ್ವ ಏಷ್ಯದ ವಿಷಯದಲ್ಲೂ ಮಾಡುವುದು ಸುಲಭ. ಈ ಮೂರು ಜನರ ಹೆತ್ತವರು ಬೇರೆ ಬೇರೆ. ಅಕ್ಷರ ತಿದ್ದಿದ ಕೂಲಿಮಠ ಮಾತ್ರ ಒಂದು. ಆ ಓದು ಎರಡು ಸಾವಿರ ವರ್ಷಗಳಷ್ಟು ದೀರ್ಘವಾಗಿ ನಡೆದದ್ದರಿಂದ ಈಗ ಯಾವುದು ಹುಟ್ಟಿನಿಂದ ಬಂದದ್ದು, ಯಾವುದು ಮಠದಲ್ಲಿ ಕಲಿತದ್ದು ಎಂದು ಬಿಡಿಸುವುದೇ ವಿದ್ವಾಂಸರ ಕೆಲಸವಾಗಿದೆ.

ಮೂರು ಮನೆತನಗಳು

ಚೀನೀ ಭಾಷೆ ಸೇರುವುದು ಸೈನೋ-ಟಿಬೆಟನ್ ಕುಟುಂಬಕ್ಕೆ. ಅದರ ದಾಯಾದಿಗಳನ್ನು ಹುಡುಕಬೇಕಾದರೆ ಟೋಕಿಯೋಗೆ ಹೋಗಿ ಪ್ರಯೋಜನವಿಲ್ಲ. ಲ್ಹಾಸಾಕ್ಕೆ, ಮ್ಯಾನ್ಮಾರಿಗೆ, ಕೊನೆಗೆ ನಮ್ಮದೇ ಮಣಿಪುರಕ್ಕೂ ಅಸ್ಸಾಮಿನ ಬೋಡೋ ಸೀಮೆಗೂ ಬರಬೇಕು. ಚೀನೀ ಎಂಬುದೂ ಒಂದೇ ನುಡಿಯಲ್ಲ. ಬೀಜಿಂಗಿನ ಮ್ಯಾಂಡರಿನ್, ಶಾಂಘೈ ಕಡೆಯ ವೂ, ಗ್ವಾಂಗ್‌ಝೌ ಮತ್ತು ಹಾಂಗ್‌ಕಾಂಗಿನ ಕ್ಯಾಂಟನೀಸ್, ಫುಜಿಯಾನಿನ ಮಿನ್ ಇವನ್ನಾಡುವವರಿಗೆ ಒಬ್ಬರ ಮಾತು ಇನ್ನೊಬ್ಬರಿಗೆ ತಿಳಿಯದು. ಎಲ್ಲಕ್ಕೂ ಸಮಾನವಾದದ್ದು ಒಂದೊಂದು ಉಚ್ಚಾರಾಂಶಕ್ಕೆ ಒಂದೊಂದು ಅರ್ಥ, ಅರ್ಥವನ್ನೇ ಬದಲಿಸುವ ಸ್ವರದ ಏರಿಳಿತ, ಮತ್ತು ವಿಭಕ್ತಿ ಪ್ರತ್ಯಯಗಳ ಅಭಾವ.

ಕೊರಿಯನ್ ಭಾಷೆಗೆ ಹತ್ತಿರದ ನೆಂಟಸ್ತಿಕೆ ಇರುವುದು ಜೇಜು ದ್ವೀಪದ ನುಡಿಯೊಂದಿಗೆ ಮಾತ್ರ. ಜಪಾನೀಗೆ ಒಕಿನಾವಾ ಸುತ್ತಿನ ರ್‍ಯುಕ್ಯು ನುಡಿಗಳು ತಂಗಿಯರು. ಉತ್ತರದ ಹೊಕ್ಕೈಡೊದಲ್ಲಿದ್ದ ಐನು ಜನರ ಭಾಷೆಗೆ ಇವರಾರೂ ಸಂಬಂಧಿಕರಲ್ಲ, ಅದು ಒಂಟಿ.

ಒಂದು ವಾಕ್ಯವನ್ನು ಹೋಲಿಸಿದರೆ ವಿಷಯ ಸ್ಪಷ್ಟವಾಗುತ್ತದೆ. ‘ನಾನು ಅನ್ನವನ್ನು ತಿನ್ನುತ್ತೇನೆ’ ಎನ್ನಲು ಚೀನೀಯರು ‘ವೋ ಚಿ ಫಾನ್’ ಎನ್ನುತ್ತಾರೆ: ನಾನು, ತಿನ್ನು, ಅನ್ನ. ಪದಗಳಿಗೆ ಬಾಲವಿಲ್ಲ, ಕ್ರಿಯಾಪದ ನಡುವೆ. ಜಪಾನೀಯಲ್ಲಿ ‘ವತಾಶಿ ವಾ ಗೊಹಾನ್ ಒ ತಬೆರು’, ಕೊರಿಯನ್ನಿನಲ್ಲಿ ‘ನಾನುನ್ ಬಬುಲ್ ಮೊಂನುಂದಾ’. ಎರಡರಲ್ಲೂ ಕ್ರಿಯಾಪದ ಕೊನೆಗೆ. ಜಪಾನೀಯ ‘ಒ’, ಕೊರಿಯನ್ನಿನ ‘ಉಲ್’ ನಮ್ಮ ‘ಅನ್ನು’ ಪ್ರತ್ಯಯದ ಕೆಲಸವನ್ನೇ ಮಾಡುತ್ತವೆ. ಕನ್ನಡಿಗನೊಬ್ಬ ಇವೆರಡನ್ನೂ ಪದಕ್ಕೆ ಪದ ಇಟ್ಟು ಅನುವಾದಿಸಬಲ್ಲ, ಕ್ರಮ ಬದಲಿಸುವ ಅಗತ್ಯವೇ ಬೀಳುವುದಿಲ್ಲ. ಚೀನೀ ಕಲಿಯುವಾಗ ಈ ಸುಖವಿಲ್ಲ. ತಮಾಷೆಯೆಂದರೆ ಜಪಾನೀಯ ‘ಗೊಹಾನ್’ ಎಂಬುದರಲ್ಲಿರುವ ‘ಹಾನ್’ ಚೀನೀಯ ‘ಫಾನ್’ ಶಬ್ದವೇ. ವಾಕ್ಯದ ಎಲುಬು ತಮ್ಮದು, ತಟ್ಟೆಯ ಅನ್ನಕ್ಕೆ ಮಾತ್ರ ನೆರೆಮನೆಯ ಹೆಸರು.

ಆದ್ದರಿಂದ ಒಗಟು ಎರಡು ಬಗೆಯದು. ಚೀನೀ ಮತ್ತು ಉಳಿದೆರಡರ ನಡುವೆ ಶಬ್ದ ಹೊಂದುತ್ತದೆ, ವ್ಯಾಕರಣ ಹೊಂದುವುದಿಲ್ಲ. ಅದನ್ನು ಎರವಲು ಎಂದು ಸುಲಭವಾಗಿ ಬಗೆಹರಿಸಬಹುದು. ಕೊರಿಯನ್ ಮತ್ತು ಜಪಾನೀಯ ನಡುವೆ ವ್ಯಾಕರಣ ಅಚ್ಚು ಹೊಡೆದಂತೆ ಹೊಂದುತ್ತದೆ, ಮೂಲ ಶಬ್ದಗಳು ಮಾತ್ರ ಕೈಕೊಡುತ್ತವೆ. ಈ ಎರಡನೆಯದು ನೂರು ವರ್ಷದಿಂದ ಭಾಷಾವಿಜ್ಞಾನಿಗಳ ನಿದ್ದೆ ಕೆಡಿಸಿದೆ.

ಅಲ್ತಾಯಿಕ್ ವಾದ, ದ್ರಾವಿಡದ ನಂಟು

ಫಿನ್ಲೆಂಡಿನ ಗುಸ್ತಾಫ್ ರಾಮ್‌ಸ್ಟೆಡ್ ತುರ್ಕಿ, ಮಂಗೋಲ್, ತುಂಗುಸ್ ಭಾಷೆಗಳ ಜೊತೆಗೆ ಕೊರಿಯನ್ನನ್ನೂ ಸೇರಿಸಿ ‘ಅಲ್ತಾಯಿಕ್’ ಎಂಬ ಮಹಾಕುಟುಂಬದ ಚಿತ್ರ ಬರೆದ. ಅಮೆರಿಕದ ರಾಯ್ ಆಂಡ್ರ್ಯೂ ಮಿಲ್ಲರ್ 1971ರಲ್ಲಿ ಜಪಾನೀಯನ್ನೂ ಅದರೊಳಗೆ ತಂದ. ಶಾಲಾ ಪುಸ್ತಕಗಳಲ್ಲಿ ಈ ಹೆಸರು ಬಹುಕಾಲ ನೆಲೆನಿಂತಿತು. ಆದರೆ ಒಂದೇ ಹುಲ್ಲುಗಾವಲಿನಲ್ಲಿ ಸಾವಿರಾರು ವರ್ಷ ಅಕ್ಕಪಕ್ಕ ಕುದುರೆ ಮೇಯಿಸಿದವರು ಶಬ್ದಗಳನ್ನೂ ವಾಕ್ಯದ ರೀತಿಯನ್ನೂ ಪರಸ್ಪರ ಕಡ ಪಡೆದಿರಬಾರದೇಕೆ ಎಂಬ ಪ್ರಶ್ನೆಗೆ ತೃಪ್ತಿಕರ ಉತ್ತರ ಸಿಗಲಿಲ್ಲ. ಮೊದಮೊದಲು ಈ ವಾದದ ಪರವಾಗಿದ್ದ ಅಲೆಕ್ಸಾಂಡರ್ ವೋವಿನ್ ಆಮೇಲೆ ಅದರ ಕಟ್ಟಾ ವಿರೋಧಿಯಾದರು. 2021ರಲ್ಲಿ ಮಾರ್ಟಿನ್ ರಾಬೀಟ್ಸ್ ಮತ್ತು ಸಂಗಡಿಗರು ‘ನೇಚರ್’ ಪತ್ರಿಕೆಯಲ್ಲಿ ಅದೇ ವಾದಕ್ಕೆ ‘ಟ್ರಾನ್ಸ್‌ಯುರೇಷಿಯನ್’ ಎಂಬ ಹೊಸ ಹೆಸರು ಕೊಟ್ಟು, ಸುಮಾರು 9,000 ವರ್ಷಗಳ ಹಿಂದೆ ಈಶಾನ್ಯ ಚೀನಾದ ಪಶ್ಚಿಮ ಲಿಯಾವ್ ನದಿಯ ಬಳಿ ನವಣೆ ಜಾತಿಯ ಧಾನ್ಯ ಬೆಳೆಯುತ್ತಿದ್ದ ರೈತರೇ ಈ ಎಲ್ಲ ಭಾಷೆಗಳ ಮೂಲಪುರುಷರೆಂದು ವಾದಿಸಿದರು. ಭಾಷೆ, ಉತ್ಖನನ, ಡಿಎನ್‌ಎ ಮೂರನ್ನೂ ಹೆಣೆದ ಆ ಲೇಖನಕ್ಕೆ ಪ್ರಚಾರ ಸಿಕ್ಕಷ್ಟೇ ಖಂಡನೆಯೂ ಬಂತು. ಆ ಪ್ರಯತ್ನದಲ್ಲಿ ಹೊಲದ ಸಾಕ್ಷ್ಯ ಗಟ್ಟಿ, ನಿಘಂಟಿನ ಸಾಕ್ಷ್ಯ ಪೊಳ್ಳು ಎಂದೇ ಈ ಲೇಖಕನ ಅನಿಸಿಕೆ.

ಇದಕ್ಕಿಂತ ಕುತೂಹಲದ ಸುಳಿವು ಹಳೆಯ ಊರ ಹೆಸರುಗಳಲ್ಲಿದೆ. 1145ರಲ್ಲಿ ಕಿಮ್ ಬುಸಿಕ್ ಸಂಕಲಿಸಿದ ‘ಸಾಂಗುಕ್ ಸಾಗಿ’ ಎಂಬ ಕೊರಿಯನ್ ಇತಿಹಾಸದಲ್ಲಿ ಗೊಗುರ್‍ಯೊ ರಾಜ್ಯದ ಸ್ಥಳನಾಮಗಳನ್ನು ಅರ್ಥಸಹಿತ ಕೊಡಲಾಗಿದೆ. ಅವುಗಳೊಳಗಿಂದ ಹೆಕ್ಕಿದ ಮೂರು, ಐದು, ಏಳು, ಹತ್ತು ಎಂಬ ಸಂಖ್ಯಾವಾಚಕಗಳು ಕೊರಿಯನ್ನಿಗೆ ಹೋಲುವ ಬದಲು ಜಪಾನೀಯ ‘ಮಿ’, ‘ಇತ್ಸು’, ‘ನಾನಾ’, ‘ತೊ’ಗಳಿಗೆ ಹೋಲುತ್ತವೆ. ಜಪಾನಿನ ಶಿನ್‌ಮುರಾ ಇಜುರು 1916ರಲ್ಲೇ ಇದನ್ನು ಗಮನಿಸಿದ್ದರು. ಜಪಾನೀಯ ಪೂರ್ವರೂಪ ಒಂದು ಕಾಲಕ್ಕೆ ಕೊರಿಯಾ ಪರ್ಯಾಯದ್ವೀಪದಲ್ಲೇ ಆಡುನುಡಿಯಾಗಿತ್ತು, ಅದನ್ನಾಡುವವರು ಭತ್ತದ ಬೀಜದೊಡನೆ ಸಮುದ್ರ ದಾಟಿದರು, ಉಳಿದವರು ಉತ್ತರದಿಂದ ಬಂದ ಕೊರಿಯನ್ ಭಾಷಿಕರಲ್ಲಿ ಕರಗಿಹೋದರು ಎಂಬ ಚಿತ್ರ ಇಂದು ಹಲವರಿಗೆ ಒಪ್ಪಿಗೆ. ಹಾಗಿದ್ದರೆ ಕೊರಿಯನ್-ಜಪಾನೀ ಸಾಮ್ಯ ಒಡಹುಟ್ಟಿನದಾಗಿರದೆ ಬಹುಕಾಲ ಒಂದೇ ಓಣಿಯಲ್ಲಿ ಬಾಳಿದ್ದರ ಫಲವೂ ಆಗಿರಬಹುದು. ದ್ವೀಪಕ್ಕೆ ಕೊರಿಯನ್ನಿನಲ್ಲಿ ‘ಸೊಮ್’, ಜಪಾನೀಯಲ್ಲಿ ‘ಶಿಮಾ’. ಕರಡಿಗೆ ‘ಗೋಮ್’, ‘ಕುಮಾ’. ಇಂಥ ಜೋಡಿಗಳು ಇವೆ. ಮೈಯ ಅಂಗಗಳು, ಎಣಿಕೆ, ನೆಂಟತನದ ಹೆಸರುಗಳು ಹೀಗೆ ಜೋಡಿಯಾಗಿ ಬಂದಿದ್ದರೆ ವಾದವೇ ಬೇಕಿರಲಿಲ್ಲ.

ದ್ರಾವಿಡ ಭಾಷೆಗಳ ಹೆಸರೂ ಈ ಚರ್ಚೆಯಲ್ಲಿ ಬರುತ್ತದೆ. ಸೋಲ್‌ನಲ್ಲಿ ನೆಲೆಸಿದ್ದ ಅಮೆರಿಕನ್ ಹೋಮರ್ ಹಲ್ಬರ್ಟ್ 1905ರಲ್ಲಿ ಕೊರಿಯನ್ ಮತ್ತು ದ್ರಾವಿಡ ಭಾಷೆಗಳ ತೌಲನಿಕ ವ್ಯಾಕರಣವನ್ನೇ ಪ್ರಕಟಿಸಿದ. ಜಪಾನಿನಲ್ಲಿ ಸುಸುಮು ಓನೊ (1919–2008) ಜಪಾನೀ ಭಾಷೆಗೂ ತಮಿಳಿಗೂ ನಂಟು ಬೆಸೆಯಲು ಆಯುಷ್ಯದ ಬಹುಭಾಗ ಸವೆಸಿದರು. ಕೊರಿಯನ್ನಿನ ‘ನಾ’ ಎಂದರೆ ನಾನು, ತಂದೆತಾಯಿಗೆ ‘ಅಪ್ಪಾ’, ‘ಒಮ್ಮಾ’ ಎಂಬುದನ್ನು ಕೇಳಿ ಪುಳಕಗೊಳ್ಳದ ಕನ್ನಡಿಗರು ಕಡಿಮೆ. ಕೊರಿಯನ್ ಧಾರಾವಾಹಿಗಳ ಕಾಲದಲ್ಲಂತೂ ಈ ಪುಳಕ ಮನೆಮನೆಗೆ ಮುಟ್ಟಿದೆ. ಆದರೆ ತುಟಿ ಕೂಡಿಸಿ ಬಿಡುವ ಪ, ಬ, ಮಗಳೇ ಎಲ್ಲ ದೇಶದ ಕೂಸುಗಳಿಗೂ ಮೊದಲ ಸದ್ದು. ಅವಕ್ಕೆ ಅಪ್ಪ ಅಮ್ಮ ಎಂದು ಅರ್ಥ ಹಚ್ಚುವವರು ದೊಡ್ಡವರು. ಹಳೆಯ ಜಪಾನೀಯಲ್ಲಿ ‘ಪಪ’ ಎಂದರೆ ತಾಯಿ! ಕ್ರಿಯಾಪದ ಕೊನೆಗಿಡುವ, ಪ್ರತ್ಯಯ ಪೋಣಿಸುವ ರೀತಿಯೂ ಲೋಕದ ಎಷ್ಟೋ ಭಾಷೆಗಳಲ್ಲಿದೆ. ಹಲ್ಬರ್ಟ್, ಓನೊ ಇಬ್ಬರ ವಾದವನ್ನೂ ಭಾಷಾವಿಜ್ಞಾನ ಅಂಗೀಕರಿಸಿಲ್ಲ.

13ನೆಯ ಶತಮಾನದ ಬೌದ್ಧ ಭಿಕ್ಷು ಇರ್‍ಯೊನ್ ಬರೆದ ‘ಸಾಂಗುಕ್ ಯುಸಾ’ದಲ್ಲಿ ಇನ್ನೊಂದು ಕಥೆಯಿದೆ. ‘ಅಯುತ’ ಎಂಬ ದೇಶದ ರಾಜಕುಮಾರಿ ಹೊ ಹ್ವಾಂಗ್-ಒಕ್ ಕ್ರಿ.ಶ. 48ರಲ್ಲಿ ಹಡಗೇರಿ ಬಂದು ಗಾಯಾ ರಾಜ್ಯದ ಸುರೊ ದೊರೆಯ ಕೈಹಿಡಿದಳಂತೆ. ಅಯುತವನ್ನು ಅಯೋಧ್ಯೆಯೆಂದು ಗುರುತಿಸಿ 2001ರಲ್ಲಿ ಅಲ್ಲಿ ಸ್ಮಾರಕವೂ ಎದ್ದಿತು. ಇತಿಹಾಸಕ್ಕಿಂತ ಹೆಚ್ಚಾಗಿ ಇದು ಬೌದ್ಧರು ತಮ್ಮ ನಾಡನ್ನು ಬುದ್ಧನ ನಾಡಿಗೆ ಕಟ್ಟಿಹಾಕಿಕೊಂಡ ಬಗೆ. ಆದರೂ ಗಿಮ್‌ಹೇ ಮೂಲದ ಕಿಮ್ ಮತ್ತು ಹೊ ಮನೆತನದವರು ಆಕೆಯನ್ನು ಮೂಲಮಾತೆಯೆಂದು ನಂಬುತ್ತಾರೆ.

ಸಮುದ್ರ ದಾಟಿದವರು

ಭತ್ತ ಪಳಗಿದ್ದು ಚೀನಾದ ಯಾಂಗ್‌ತ್ಸೆ ಕಣಿವೆಯಲ್ಲಿ, ನವಣೆ ಮತ್ತು ಬರಗು ಪಳಗಿದ್ದು ಉತ್ತರ ಚೀನಾದಲ್ಲಿ. ಜಪಾನಿನಲ್ಲಿ ಆಗ ಬೇಟೆಯಾಡಿ, ಮೀನು ಹಿಡಿದು, ಕಾಯಿಪಲ್ಲೆ ಆಯ್ದು ಬದುಕುತ್ತಿದ್ದವರು ಹಗ್ಗದ ಗುರುತು ಒತ್ತಿದ ಮಡಕೆ ಮಾಡುತ್ತಿದ್ದ ಜೋಮೊನ್ ಜನ. ಕ್ರಿ.ಪೂ. ಮೊದಲ ಸಹಸ್ರಮಾನದಲ್ಲಿ ಕೊರಿಯಾದ ದಕ್ಷಿಣ ತೀರದಿಂದ ಕ್ಯುಶು ದ್ವೀಪದ ಉತ್ತರಕ್ಕೆ ಗದ್ದೆ ಬೇಸಾಯ ಬಂತು. ಆಮೇಲೆ ಕಂಚು, ಕಬ್ಬಿಣ ಬಂದವು. ಇದನ್ನೇ ಯಾಯೊಯಿ ಯುಗ ಎನ್ನುವುದು. ಬಂದವರು ಹಳಬರನ್ನು ಪೂರ್ತಿ ಅಳಿಸಲಿಲ್ಲ, ಬೆರೆತರು. ಇಂದಿನ ಜಪಾನೀಯರ ವಂಶವಾಹಿಗಳಲ್ಲಿ ಜೋಮೊನ್ ಪಾಲು ಸಣ್ಣದು, ಐನುಗಳಲ್ಲಿ ಮತ್ತು ಒಕಿನಾವಾದವರಲ್ಲಿ ದೊಡ್ಡದು. ಕಝುರೊ ಹನಿಹರಾ 1991ರಲ್ಲಿ ಮಂಡಿಸಿದ ‘ಎರಡು ಪದರ’ದ ಸಿದ್ಧಾಂತ ಇದನ್ನೇ ತಲೆಬುರುಡೆಗಳ ಅಳತೆಯಿಂದ ಹೇಳಿತ್ತು. 2021ರ ಪ್ರಾಚೀನ ಡಿಎನ್‌ಎ ಅಧ್ಯಯನವೊಂದು ಸಮಾಧಿ ದಿಬ್ಬಗಳ ಕೊಫುನ್ ಯುಗದಲ್ಲಿ ಮೂರನೆಯ ಪದರವೂ ಸೇರಿತೆಂದು ತೋರಿಸಿದೆ. ಜನರ ಬೆರಕೆಯ ಮಟ್ಟಿಗೆ ಕೊರಿಯನ್ನರೂ ಜಪಾನೀಯರೂ ಹತ್ತಿರದವರೆಂಬುದರಲ್ಲಿ ಸಂದೇಹವಿಲ್ಲ.

ಬರೆದಿಟ್ಟ ಇತಿಹಾಸ ತೊಡಗುವುದು ಚೀನಾದ ಕಡೆಯಿಂದ. ಹಾನ್ ಚಕ್ರವರ್ತಿ ವೂ ಕ್ರಿ.ಪೂ. 108ರಲ್ಲಿ ಉತ್ತರ ಕೊರಿಯಾವನ್ನು ಗೆದ್ದು ಪ್ಯೊಂಗ್ಯಾಂಗಿನ ಬಳಿ ಲೆಲಾಂಗ್ ಠಾಣ್ಯ ಸ್ಥಾಪಿಸಿದ. ಅದು 313ರವರೆಗೆ, ನಾನೂರು ವರ್ಷಕ್ಕೂ ಹೆಚ್ಚು ನಿಂತಿತು. ಚೀನೀ ಅಕ್ಷರ, ಕನ್ನಡಿ, ಅರಗುಬಣ್ಣದ ಪಾತ್ರೆ, ಲೆಕ್ಕಪತ್ರ ಎಲ್ಲಕ್ಕೂ ಅದೇ ಹೆಬ್ಬಾಗಿಲು. ಕ್ರಿ.ಶ. 57ರಲ್ಲಿ ಹಾನ್ ಚಕ್ರವರ್ತಿಯೊಬ್ಬ ಜಪಾನಿನ ‘ನಾ’ ಎಂಬ ಪುಟ್ಟ ರಾಜ್ಯದ ದೊರೆಗೆ ಮುದ್ರೆ ಕಳಿಸಿದನೆಂದು ಚೀನೀ ಇತಿಹಾಸ ಹೇಳುತ್ತದೆ. 1784ರಲ್ಲಿ ಫುಕುವೊಕಾ ಬಳಿಯ ಶಿಕನೊಶಿಮಾ ದ್ವೀಪದ ಹೊಲದಲ್ಲಿ ಚಿನ್ನದ ಮುದ್ರೆಯೊಂದು ಸಿಕ್ಕಿತು, ಅಗಲ 2.3 ಸೆಂಟಿಮೀಟರ್, ಮೇಲೆ ಸುರುಳಿಸುತ್ತಿದ ಹಾವು, ಕೆಳಗೆ ಐದು ಚೀನೀ ಅಕ್ಷರ. ಜಪಾನೀಯರಿಗೆ ಸಿಕ್ಕ ಮೊದಲ ಬರೆಹಗಳಲ್ಲಿ ಅದೂ ಒಂದು. ಓದಬಲ್ಲವರು ಆ ನಾಡಿನಲ್ಲಿ ಆಗ ಎಷ್ಟು ಮಂದಿ ಇದ್ದಾರು!

ನಾಲ್ಕರಿಂದ ಏಳನೆಯ ಶತಮಾನದವರೆಗೆ ಕೊರಿಯಾದ ಬೇಕ್ಜೆ, ಸಿಲ್ಲಾ, ಗೊಗುರ್‍ಯೊ, ಗಾಯಾ ರಾಜ್ಯಗಳಿಂದ ಕಮ್ಮಾರರು, ನೇಕಾರರು, ಕುಂಬಾರರು, ಕರಣಿಕರು, ಭಿಕ್ಷುಗಳು ಅಲೆಅಲೆಯಾಗಿ ಜಪಾನಿಗೆ ಬಂದರು. 815ರಲ್ಲಿ ಸಿದ್ಧವಾದ ‘ಶಿನ್‌ಸೆನ್ ಶೊಜಿರೊಕು’ ಎಂಬ ವಂಶಾವಳಿಯಲ್ಲಿ ರಾಜಧಾನಿ ಸೀಮೆಯ 1,182 ಕುಲೀನ ಮನೆತನಗಳ ಪೈಕಿ 326 ಸಮುದ್ರದಾಚೆಯ ಮೂಲದವೆಂದು ದಾಖಲಾಗಿದೆ. ಕೊರಿಯಾದ ಗೊಂಗ್ಜುವಿನಲ್ಲಿ 1971ರಲ್ಲಿ ಮಳೆನೀರಿನ ಕಾಲುವೆ ತೋಡುವಾಗ 523ರಲ್ಲಿ ತೀರಿಕೊಂಡ ಬೇಕ್ಜೆಯ ಮುರ್‍ಯೊಂಗ್ ದೊರೆಯ ಸಮಾಧಿ ಚೂರೂ ಕದಡದೆ ಸಿಕ್ಕಿತು. ಇಟ್ಟಿಗೆಯ ಕೋಣೆ ದಕ್ಷಿಣ ಚೀನಾದ ಮಾದರಿಯದು. ಶವಪೆಟ್ಟಿಗೆಯ ಮರ ಜಪಾನಿನಲ್ಲಷ್ಟೇ ಬೆಳೆಯುವ ಕೊಯಾಮಾಕಿ. ಮೂರು ನಾಡುಗಳ ಸಂಬಂಧವನ್ನು ಇಷ್ಟು ಚಿಕ್ಕ ಜಾಗದಲ್ಲಿ ಹೇಳುವ ಇನ್ನೊಂದು ಸಾಕ್ಷ್ಯ ನನಗೆ ಕಂಡಿಲ್ಲ. ಅದೇ ಮುರ್‍ಯೊಂಗನ ವಂಶದವಳು ಕಮ್ಮು ಚಕ್ರವರ್ತಿಯ ತಾಯಿ ಎಂದು ಜಪಾನಿನ ಹಳೆಯ ಇತಿಹಾಸ ಗ್ರಂಥವೇ ಹೇಳಿದೆ. 2001ರ ಡಿಸೆಂಬರಿನಲ್ಲಿ ಅಕಿಹಿತೊ ಚಕ್ರವರ್ತಿ ಇದನ್ನು ಬಾಯಿಬಿಟ್ಟು ನೆನೆದು, ಕೊರಿಯಾದೊಂದಿಗೆ ತಮಗೆ ನಂಟಿದೆಯೆಂದಾಗ ಕೊರಿಯನ್ ಪತ್ರಿಕೆಗಳು ಸಂಭ್ರಮಿಸಿದವು. ಜಪಾನಿನ ಪತ್ರಿಕೆಗಳಲ್ಲಿ ಹೆಚ್ಚಿನವು ಸುಮ್ಮನಿದ್ದವು.

ಅಕ್ಷರದ ಕಥೆ

ಪೂರ್ವ ಏಷ್ಯವನ್ನು ಒಂದಾಗಿ ಹೊಲಿದ ದಾರವೆಂದರೆ ಚೀನೀ ಲಿಪಿ. 1899ರಲ್ಲಿ ವಾಂಗ್ ಯಿರೊಂಗ್ ಎಂಬ ವಿದ್ವಾಂಸ ಔಷಧಿಗೆಂದು ಮಾರುತ್ತಿದ್ದ ‘ಡ್ರ್ಯಾಗನ್ ಮೂಳೆ’ಗಳ ಮೇಲೆ ಗೀರಿದ್ದ ಗುರುತುಗಳು ಅಕ್ಷರಗಳೆಂದು ಗುರುತಿಸಿದ. ಅವು ಆನ್ಯಾಂಗ್ ಬಳಿಯ ಶಾಂಗ್ ರಾಜವಂಶದ ರಾಜಧಾನಿಯವು, ಕ್ರಿ.ಪೂ. 13ನೆಯ ಶತಮಾನದ ಕೊನೆಯ ಹೊತ್ತಿಗೆ ದೊರೆಗಳು ಆಮೆಚಿಪ್ಪಿನ ಮೇಲೆ ಕೇಳಿಸಿದ ಕಣಿಗಳು. ಆ ಲಿಪಿಯೇ ಮುರಿಯದ ಸಾಲಾಗಿ ಇಂದಿನವರೆಗೆ ಬಂದಿದೆ.

ಪ್ರತ್ಯಯವಿಲ್ಲದ ಚೀನೀಗೆ ಹೊಲಿದ ಅಂಗಿ ಪ್ರತ್ಯಯಭರಿತ ಕೊರಿಯನ್, ಜಪಾನೀ ಮೈಗಳಿಗೆ ಹಿಡಿಸಲಿಲ್ಲ. ಮೊದಲು ಅವರು ಚೀನೀಯಲ್ಲೇ ಬರೆದರು. ಗೊಗುರ್‍ಯೊದ ಗ್ವಾಂಗೆಥೊ ದೊರೆಯ 414ರ ಶಿಲಾಸ್ತಂಭ ಚೀನೀಯಲ್ಲಿದೆ. 471ರದೆಂದು ಗುರುತಿಸಿದ ಇನಾರಿಯಾಮಾ ಕತ್ತಿಯ ಮೇಲಿನ ಚಿನ್ನದ 115 ಅಕ್ಷರಗಳೂ ಚೀನೀಯವೇ, ಆದರೆ ಜಪಾನೀ ಹೆಸರುಗಳನ್ನು ಬರೆಯುವಾಗ ಅರ್ಥ ಬಿಟ್ಟು ಸದ್ದನ್ನು ಮಾತ್ರ ಬಳಸಿಕೊಂಡಿವೆ. ಅಲ್ಲಿಂದ ಎರಡು ದಾರಿ ತೆರೆದವು: ಅಕ್ಷರವನ್ನು ಸದ್ದಿಗಾಗಿ ಬಳಸುವುದು, ಅರ್ಥಕ್ಕಾಗಿ ಬಳಸುವುದು. ಎರಡನೆಯದು ನಮಗೆ ವಿಚಿತ್ರವೆನಿಸಬೇಕಿಲ್ಲ. ನಾವು ‘2ನೆಯ’ ಎಂದು ಬರೆದು ‘ಎರಡನೆಯ’ ಎಂದು ಓದುತ್ತೇವೆ. ಗುರುತು ಎಲ್ಲರದು, ಓದುವ ಪದ ನಮ್ಮದು, ಬಾಲ ಕನ್ನಡ ಅಕ್ಷರದಲ್ಲಿ. ಜಪಾನೀಯರು ತಮ್ಮ ಇಡೀ ಭಾಷೆಯನ್ನು ಹೀಗೆ ಬರೆಯುತ್ತಾರೆ ಎಂದುಕೊಂಡರೆ ಅವರ ಲಿಪಿಯ ಗುಟ್ಟು ಮುಕ್ಕಾಲು ತಿಳಿದಂತೆ. ಕೊರಿಯಾದಲ್ಲೂ ಸಿಲ್ಲಾ ಕಾಲದ ‘ಇದು’, ‘ಹ್ಯಾಂಗ್‌ಚಲ್’ ಪದ್ಧತಿಗಳು ಇದೇ ಉಪಾಯದವು. ಜಪಾನೀಯರಿಗೆ ಈ ವಿದ್ಯೆ ಕಲಿಸಿದವರು ಕೊರಿಯಾದ ಕರಣಿಕರೇ ಇರಬೇಕೆಂಬ ಅಭಿಪ್ರಾಯ ಈಗ ಬಲವಾಗುತ್ತಿದೆ.

ಸದ್ದಿಗಾಗಿ ಬಳಸಿದ ಅಕ್ಷರಗಳು ಸವೆದು ಸವೆದು ಒಂಬತ್ತನೆಯ ಶತಮಾನದ ಹೊತ್ತಿಗೆ ಹಿರಗಾನ, ಕತಕಾನಗಳಾದವು. ಇವುಗಳ ವರ್ಣಮಾಲೆಯ ಕ್ರಮವನ್ನು ಕನ್ನಡ ಓದುಗರು ಒಮ್ಮೆ ಗಟ್ಟಿಯಾಗಿ ಓದಿಕೊಳ್ಳಬೇಕು. ಸ್ವರಗಳು ಅ, ಇ, ಉ, ಎ, ಒ. ವ್ಯಂಜನ ಸಾಲುಗಳು ಕ, ಸ, ತ, ನ, ಹ, ಮ, ಯ, ರ, ವ. ಎಲ್ಲೋ ಕೇಳಿದಂತಿದೆಯಲ್ಲ! ಸಕಾರ ಹಿಂದೆ ಚಕಾರಕ್ಕೆ ಹತ್ತಿರದ ಸದ್ದಾಗಿತ್ತು. ಹಕಾರ ಮೊದಲು ಪಕಾರವಾಗಿತ್ತು. ಹೂವಿಗೆ ಹಳೆಯ ಜಪಾನೀ ‘ಪನ’, ಈಗಿನದು ‘ಹನ’. ಪಾಲು ಹಾಲಾದ, ಪೂ ಹೂವಾದ ಕನ್ನಡದವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಹಾಗೆ ತಿದ್ದಿ ಓದಿದರೆ ಕ, ಚ, ತ, ನ, ಪ, ಮ, ಯ, ರ, ವ: ನಮ್ಮ ವರ್ಗಾಕ್ಷರಗಳ ಸಾಲೇ. ಇದು ಆಕಸ್ಮಿಕವಲ್ಲ. ಮಂತ್ರಗಳನ್ನು ಬರೆಯಲು ಬೌದ್ಧರು ಬಳಸಿದ ಸಿದ್ಧಂ ಲಿಪಿಯನ್ನು ಜಪಾನೀ ಭಿಕ್ಷುಗಳು ಕಲಿತರು; 804ರಲ್ಲಿ ಚೀನಾಕ್ಕೆ ಹೋಗಿ ಬಂದ ಕೂಕೈ ಅವರಲ್ಲಿ ಹೆಸರಾದವರು. ಅ, ಇ, ಉ, ಕ, ಚ ಎಂಬ ಶಿಕ್ಷಾಶಾಸ್ತ್ರದ ಕ್ರಮ ಹಾಗೆ ಚೀನಾದ ಮೂಲಕ ಜಪಾನಿನ ನಿಘಂಟಿನೊಳಕ್ಕೆ ಹೊಕ್ಕಿತು.

ಕೊರಿಯಾದ ದಾರಿ ಬೇರೆ. ಸೇಜೊಂಗ್ ದೊರೆ 1443ರಲ್ಲಿ 28 ಅಕ್ಷರಗಳ ಹೊಸ ಲಿಪಿ ರೂಪಿಸಿ 1446ರಲ್ಲಿ ಪ್ರಕಟಿಸಿದ. ಅದೇ ಇಂದಿನ ಹಂಗುಲ್. ಈಗ 24 ಮೂಲ ಅಕ್ಷರಗಳು ಬಳಕೆಯಲ್ಲಿವೆ. ಕಕಾರದ ಗುರುತು ಗಂಟಲು ಮುಚ್ಚುವ ನಾಲಗೆಯ ಚಿತ್ರ, ಮಕಾರದ್ದು ಬಾಯಿಯ ಚಿತ್ರ. ಬೇರೆ ಲಿಪಿಗಳು ಬೆಳೆದವು, ಇದನ್ನು ಕೂತು ವಿಚಾರಿಸಿ ಮಾಡಿದರು. ಸದ್ದುಗಳನ್ನು ದವಡೆ, ನಾಲಗೆ, ತುಟಿ, ಹಲ್ಲು, ಗಂಟಲು ಎಂದು ವಿಂಗಡಿಸಿದ ಕ್ರಮ ಚೀನೀ ಧ್ವನಿಶಾಸ್ತ್ರದ್ದು. ಅದರ ಹಿಂದೆ ಕಂಠ್ಯ, ತಾಲವ್ಯ, ಓಷ್ಠ್ಯಗಳ ಭಾರತೀಯ ಪಾಠವಿದೆ. ಆಸ್ಥಾನ ವಿದ್ವಾಂಸ ಚೊಯ್ ಮಲ್ಲಿ 1444ರಲ್ಲೇ ಪ್ರತಿಭಟಿಸಿದ: ಚೀನೀ ಅಕ್ಷರ ಬಿಟ್ಟು ಸ್ವಂತ ಲಿಪಿ ಮಾಡಿಕೊಳ್ಳುವುದು ಮಂಗೋಲರು, ಜಪಾನೀಯರಂಥ ಅನಾಗರಿಕರ ಲಕ್ಷಣವೆಂದು ಆತನ ವಾದ. ವಿದ್ಯಾವಂತರು ಹಂಗುಲನ್ನು ಹೆಂಗಸರ, ಮಕ್ಕಳ ಬರೆಹವೆಂದು ನಾನೂರು ವರ್ಷ ಬದಿಗಿಟ್ಟದ್ದೂ ನಿಜ. ಜಪಾನಿನಲ್ಲಿ ಹಿರಗಾನವೂ ‘ಹೆಂಗಸರ ಕೈ’ ಎನಿಸಿಕೊಂಡಿತ್ತು. ಆ ಕೈಯಲ್ಲೇ ಮುರಾಸಾಕಿ ಶಿಕಿಬು ‘ಗೆಂಜಿ ಮೊನೊಗತಾರಿ’ ಬರೆದಳು.

ಶಬ್ದಗಳ ಹೋಗುಬರವು

ಕೊರಿಯನ್, ಜಪಾನೀ ನಿಘಂಟುಗಳಲ್ಲಿ ಅರ್ಧದಷ್ಟು ಅಥವಾ ಇನ್ನೂ ಹೆಚ್ಚು ಶಬ್ದಗಳು ಚೀನೀ ಮೂಲದವು. ಕೇಶಿರಾಜನ ‘ಶಬ್ದಮಣಿದರ್ಪಣ’ ತತ್ಸಮ, ತದ್ಭವಗಳನ್ನು ವಿಂಗಡಿಸಿದಂತೆ ಇಲ್ಲೂ ವಿಂಗಡಿಸಬಹುದು, ಮತ್ತು ಸ್ವಾರಸ್ಯವಿರುವುದು ತದ್ಭವಗಳಲ್ಲೇ. ದೇಶಕ್ಕೆ ಇಂದಿನ ಬೀಜಿಂಗಿನಲ್ಲಿ ‘ಗ್ವೊ’, ಹಾಂಗ್‌ಕಾಂಗಿನಲ್ಲಿ ‘ಗ್ವೊಕ್’, ಕೊರಿಯನ್ನಿನಲ್ಲಿ ‘ಗುಕ್’, ಜಪಾನೀಯಲ್ಲಿ ‘ಕೊಕು’. ವಿದ್ಯೆಗೆ ‘ಶ್ವೆ’, ‘ಹೊಕ್’, ‘ಹಕ್’, ‘ಗಕು’. ಬೀಜಿಂಗ್ ಕಳೆದುಕೊಂಡ ಕೊನೆಯ ಕಕಾರವನ್ನು ಹೊರಗಿನವರು ಜೋಪಾನವಾಗಿ ಇಟ್ಟುಕೊಂಡಿದ್ದಾರೆ. ತಾಂಗ್ ಕಾಲದ ಚೀನೀ ಉಚ್ಚಾರಣೆಯನ್ನು ಪುನಾರಚಿಸಲು ವಿದ್ವಾಂಸರು ಸೋಲ್ ಮತ್ತು ಕ್ಯೋಟೋಗಳ ಬಾಯಿಗೆ ಕಿವಿಗೊಡಬೇಕಾಗಿದೆ. ‘ಬುದ್ಧ’ ಶಬ್ದದ ಪಯಣ ಇನ್ನೂ ಚೆಂದ. ಹಳೆಯ ಚೀನೀಯಲ್ಲಿ ಅದು ‘ಬುತ್’ ಆಯಿತು. ಜಪಾನೀಯರು ‘ಬುತ್ಸು’ ಎಂದರು. ತಕಾರ ಲಕಾರವಾಗುವ ನಿಯಮದಂತೆ ಕೊರಿಯನ್ನರು ‘ಬುಲ್’ ಎಂದರು. ಚೀನಾದಲ್ಲೇ ಅದು ‘ಫೋ’ ಆಗಿ ಗುರುತು ಸಿಗದಂತಾಯಿತು. ‘ಧ್ಯಾನ’ ಹೀಗೆಯೇ ಚಾನ್, ಸೊನ್, ಜೆನ್ ಆಯಿತು.

ಎಣಿಕೆಯಲ್ಲಿ ಎರಡು ಪದರಗಳೂ ಒಟ್ಟಿಗೆ ಕಾಣುತ್ತವೆ. ಕೊರಿಯನ್ನರು ಗಂಟೆ ಹೇಳುವಾಗ ತಮ್ಮ ಸ್ವಂತ ಸಂಖ್ಯೆ, ನಿಮಿಷ ಹೇಳುವಾಗ ಚೀನೀ ಸಂಖ್ಯೆ ಬಳಸುತ್ತಾರೆ. ಹತ್ತು ಗಂಟೆ ಹತ್ತು ನಿಮಿಷಕ್ಕೆ ‘ಯೊಲ್ ಶಿ ಸಿಪ್ ಬುನ್’: ಒಂದೇ ಹತ್ತಕ್ಕೆ ಎರಡು ಹೆಸರು. ಅವರ ಸ್ವಂತ ಎಣಿಕೆ 99ಕ್ಕೆ ನಿಲ್ಲುತ್ತದೆ. ನೂರು, ಸಾವಿರಗಳ ಹಳೆಯ ಹೆಸರು ಅಳಿದವು. ನಮಗೆ ನೂರು ಉಳಿಯಿತು. ಸಾವಿರ ಮಾತ್ರ ‘ಸಹಸ್ರ’ದ ತದ್ಭವ.

ಹತ್ತೊಂಬತ್ತನೆಯ ಶತಮಾನದಲ್ಲಿ ಪ್ರವಾಹ ದಿಕ್ಕು ಬದಲಿಸಿತು. ಪಶ್ಚಿಮದ ಶಾಸ್ತ್ರಗಳನ್ನು ಅನುವಾದಿಸಲು ಹೊರಟ ಜಪಾನೀಯರು ಚೀನೀ ಅಕ್ಷರಗಳನ್ನೇ ಜೋಡಿಸಿ ಹೊಸ ಪಾರಿಭಾಷಿಕಗಳನ್ನು ಟಂಕಿಸಿದರು. ತತ್ತ್ವಶಾಸ್ತ್ರಕ್ಕೆ ‘ತೆತ್ಸುಗಕು’ ಎಂಬ ಪದವನ್ನು ರೂಪಿಸಿದವರು ನಿಶಿ ಅಮಾನೆ. ಸಮಾಜ, ಅರ್ಥಶಾಸ್ತ್ರ, ವಿಜ್ಞಾನ, ದೂರವಾಣಿಗಳಿಗೆ ಅಲ್ಲಿ ನೆಲೆಗೊಂಡ ಪದಗಳು ಚೀನಾ, ಕೊರಿಯಾಗಳಿಗೂ ಹೋದವು. ದೂರವಾಣಿಗೆ ‘ದೆನ್ವಾ’, ‘ಜೊನ್ಹ್ವಾ’, ‘ದ್ಯೆನ್ಹ್ವಾ’. ಇಂದು ಚೀನೀಯರು ಸಮಾಜವಾದದ ಬಗ್ಗೆ ಭಾಷಣ ಮಾಡುವಾಗ ಬಳಸುವ ಪದಗಳಲ್ಲಿ ಎಷ್ಟೋ ಜಪಾನಿನ ಟಂಕಸಾಲೆಯವು. ಆದರೆ ಒಂದೇ ಅಕ್ಷರ ಒಂದೇ ಅರ್ಥ ಕೊಡುತ್ತದೆಂದು ನಂಬಿದವರು ಪೇಚಿಗೆ ಬೀಳುತ್ತಾರೆ. ‘ಕೈ’ ಮತ್ತು ‘ಕಾಗದ’ ಸೇರಿದರೆ ಜಪಾನಿನಲ್ಲಿ ಪತ್ರ. ಚೀನಾದಲ್ಲಿ ಶೌಚದ ಕಾಗದ. ಜಪಾನೀ ಮಗಳನ್ನು ಸೂಚಿಸುವ ಅಕ್ಷರ ಚೀನೀಯಲ್ಲಿ ತಾಯಿಯನ್ನು ಸೂಚಿಸಬಹುದು.

ಧರ್ಮ, ಪರೀಕ್ಷೆ, ಗೋತ್ರ

ಜಪಾನಿನ ಇತಿಹಾಸಕಾರ ನಿಶಿಜಿಮಾ ಸದಾವೊ ‘ಪೂರ್ವ ಏಷ್ಯ ಪ್ರಪಂಚ’ಕ್ಕೆ ನಾಲ್ಕು ಕಂಬಗಳನ್ನು ಹೇಳಿದರು: ಚೀನೀ ಅಕ್ಷರ, ಕನ್ಫ್ಯೂಷಿಯಸನ ಬೋಧೆ, ಚೀನೀ ರೂಪದ ಬೌದ್ಧಧರ್ಮ, ತಾಂಗ್ ಮಾದರಿಯ ಕಾನೂನು. ವಿಯೆಟ್ನಾಮನ್ನೂ ಇದರೊಳಗೆ ಸೇರಿಸಬೇಕು. ಬೌದ್ಧಧರ್ಮ ಗೊಗುರ್‍ಯೊಗೆ 372ರಲ್ಲಿ, ಬೇಕ್ಜೆಗೆ 384ರಲ್ಲಿ ಬಂತು. ಬೇಕ್ಜೆಯಿಂದ ಜಪಾನಿಗೆ 538ರಲ್ಲಿ ಅಥವಾ ಇನ್ನೊಂದು ಲೆಕ್ಕದಂತೆ 552ರಲ್ಲಿ ಹೋಯಿತು. 752ರಲ್ಲಿ ನಾರಾದ ತೊದಾಯ್-ಜಿ ಮಹಾಬುದ್ಧನ ನೇತ್ರೋನ್ಮೀಲನ ಮಾಡಿದವನು ಭಾರತದಿಂದ ಹೋದ ಭಿಕ್ಷು ಬೋಧಿಸೇನ. ಹ್ವೆನ್‌ತ್ಸಾಂಗ್ ಇಮ್ಮಡಿ ಪುಲಕೇಶಿಯ ರಾಜ್ಯವನ್ನು ಕಂಡು ಬರೆದ ಒಂದು ಶತಮಾನದೊಳಗೆ ಸಿಲ್ಲಾದ ಭಿಕ್ಷು ಹ್ಯೆಚೊ ಕೂಡ ಭಾರತ ಸುತ್ತಿದ. ಆತನ ಪ್ರವಾಸಕಥನದ ತುಣುಕು ಚೀನಾದ ದುನ್‌ಹುವಾಂಗ್ ಗುಹೆಯಲ್ಲಿ 1908ರಲ್ಲಿ ದೊರೆಯಿತು. ಕೊರಿಯಾದ ಹೇಇನ್-ಸಾ ವಿಹಾರದಲ್ಲಿ 13ನೆಯ ಶತಮಾನದಲ್ಲಿ ಕೆತ್ತಿದ 81,258 ಮರದ ಹಲಗೆಗಳಲ್ಲಿ ಚೀನೀ ತ್ರಿಪಿಟಕ ಇಡಿಯಾಗಿದೆ. ಇಪ್ಪತ್ತನೆಯ ಶತಮಾನದಲ್ಲಿ ಜಪಾನೀಯರು ಅಚ್ಚು ಹಾಕಿದ ‘ತಾಯ್ಶೊ’ ತ್ರಿಪಿಟಕಕ್ಕೆ ಅದೇ ಆಧಾರ.

ಕಲಿತದ್ದನ್ನು ಮೂವರೂ ಒಂದೇ ರೀತಿ ಪಾಲಿಸಲಿಲ್ಲ. ಸರ್ಕಾರಿ ನೌಕರಿಗೆ ಪರೀಕ್ಷೆ ನಡೆಸುವ ಚೀನೀ ಪದ್ಧತಿಯನ್ನು ಕೊರಿಯಾ 958ರಲ್ಲಿ ತಂದು 1894ರವರೆಗೆ ಬಿಡದೆ ನಡೆಸಿತು. ಚೀನಾದಲ್ಲಿ ಅದು ನಿಂತದ್ದು 1905ರಲ್ಲಿ. ಜಪಾನಿನಲ್ಲಿ ಹುಟ್ಟೇ ಅಧಿಕಾರಕ್ಕೆ ದಾರಿಯಾಗಿದ್ದರಿಂದ ಪರೀಕ್ಷೆ ಬೇರೂರಲಿಲ್ಲ. ಒಂದೇ ಮನೆತನದ ಹೆಸರು, ಒಂದೇ ಮೂಲಸ್ಥಳದವರು ಮದುವೆಯಾಗಬಾರದೆಂಬ ನಿಯಮ, ನಮ್ಮ ಸಗೋತ್ರ ನಿಷೇಧದಂಥದ್ದು, ಚೀನಾದಲ್ಲಿ ಹುಟ್ಟಿತು. ಕೊರಿಯಾ ಅದನ್ನು ಗುರುವಿಗಿಂತ ಬಿಗಿಯಾಗಿ ಪಾಲಿಸಿತು. ಅಲ್ಲಿನ ಸಂವಿಧಾನ ನ್ಯಾಯಾಲಯ 1997ರಲ್ಲಷ್ಟೇ ಅದನ್ನು ತಳ್ಳಿಹಾಕಿತು. ಜಪಾನಿನ ಕುಲೀನರು ಅದರ ಕಡೆ ತಿರುಗಿಯೂ ನೋಡಲಿಲ್ಲ.

ನಿತ್ಯದ ಬದುಕಿನಲ್ಲೂ ಹೀಗೆಯೇ. ಊಟದ ಕಡ್ಡಿ ಚೀನಾದಲ್ಲಿ ಉದ್ದ, ಜಪಾನಿನಲ್ಲಿ ಗಿಡ್ಡ ಮತ್ತು ಚೂಪು, ಕೊರಿಯಾದಲ್ಲಿ ಲೋಹದ್ದು, ಜೊತೆಗೆ ಚಮಚ ಬೇಕೇ ಬೇಕು. ಸೋಯಾ ಹುದುಗಿಸುವ ವಿದ್ಯೆ ಮೂವರಿಗೂ ಸಮಾನ. ಚಾಂದ್ರಮಾನ ಹೊಸವರ್ಷವನ್ನು ಚೀನೀಯರೂ ಕೊರಿಯನ್ನರೂ ಆಚರಿಸುತ್ತಾರೆ. ಜಪಾನ್ 1873ರಲ್ಲಿ ಪಂಚಾಂಗ ಬದಲಿಸಿ ಹಬ್ಬವನ್ನು ಜನವರಿ ಒಂದಕ್ಕೆ ಎಳೆದುಕೊಂಡಿತು. ಚಹಾ ಮಾತ್ರ ಎಲ್ಲರಿಗೂ ‘ಚಾ’. ಧಾರವಾಡದ ಚಹಾ ಅದೇ ಶಬ್ದ. ಮೈಸೂರಿನ ಟೀ ಫುಜಿಯಾನಿನ ಮಿನ್ ನುಡಿಯ ‘ತೆ’ಯಿಂದ ಡಚ್ಚರ, ಇಂಗ್ಲಿಷರ ಹಡಗೇರಿ ಬಂದದ್ದು.

ಮೂಲದ ಹೆಸರಿನಲ್ಲಿ

ಮೂಲ ಒಂದೇ ಎಂಬ ಮಾತು ಯಾವಾಗಲೂ ಪ್ರೀತಿಯ ಮಾತಲ್ಲ. ಜಪಾನ್ 1910ರಲ್ಲಿ ಕೊರಿಯಾವನ್ನು ನುಂಗಿದಾಗ ಜಪಾನೀಯರೂ ಕೊರಿಯನ್ನರೂ ಏಕವಂಶದವರು, ಆದ್ದರಿಂದ ಇದು ಮತ್ತೆ ಕೂಡುವಿಕೆ ಎಂಬ ಸಮರ್ಥನೆ ಸಿದ್ಧವಾಗಿತ್ತು. ಕನಜಾವಾ ಶೊಜಾಬುರೊ ಎಂಬ ಭಾಷಾವಿದ್ವಾಂಸರು 1929ರಲ್ಲಿ ಅದೇ ಹೆಸರಿನ ಪುಸ್ತಕವನ್ನೂ ಬರೆದರು. ಆ ‘ಸೋದರತ್ವ’ ಕೊನೆಗೆ ಶಾಲೆಗಳಿಂದ ಕೊರಿಯನ್ ಭಾಷೆಯನ್ನು ಓಡಿಸಿ, 1940ರಲ್ಲಿ ಜಪಾನೀ ಮಾದರಿಯ ಮನೆತನದ ಹೆಸರುಗಳನ್ನು ಹೇರಿತು. ಕೊರಿಯನ್-ಜಪಾನೀ ನಂಟಿನ ಬಗ್ಗೆ ಏನಾದರೂ ಹೇಳುವ ವಿದ್ವಾಂಸರು ಇಂದಿಗೂ ಮಾತು ತೂಗಿ ಆಡುವುದಕ್ಕೆ ಈ ಇತಿಹಾಸವೇ ಕಾರಣ. ಗೊಗುರ್‍ಯೊ ಯಾರದು ಎಂಬ ಜಗಳ ಚೀನಾ ಮತ್ತು ಕೊರಿಯಾಗಳ ನಡುವೆ ಈಗಲೂ ಇದೆ. 2004ರಲ್ಲಿ ಯುನೆಸ್ಕೊ ಅದರ ಸ್ಮಾರಕಗಳನ್ನು ಚೀನಾದ ಹೆಸರಿನಲ್ಲೂ ಉತ್ತರ ಕೊರಿಯಾದ ಹೆಸರಿನಲ್ಲೂ ಒಂದೇ ವರ್ಷ ಪಟ್ಟಿಗೆ ಸೇರಿಸಬೇಕಾಯಿತು. ಮರುವರ್ಷ ಕೊರಿಯಾದ ಗಂಗ್‌ನುಂಗ್ ದಾನೊ ಹಬ್ಬಕ್ಕೆ ಮನ್ನಣೆ ಸಿಕ್ಕಾಗ, ಐದನೆಯ ತಿಂಗಳ ಐದನೆಯ ದಿನದ ಹಬ್ಬ ತಮ್ಮದೆಂದು ಚೀನೀಯರು ಸಿಟ್ಟಾದರು.

ಇತ್ತ ಹಳೆಯ ಕೂಲಿಮಠದ ಪಾಠ ಮಾಸುತ್ತಿದೆ. ಚೀನಾ 1956ರಿಂದ ಅಕ್ಷರಗಳನ್ನು ಸರಳಗೊಳಿಸಿತು. ಜಪಾನ್ 1946ರಲ್ಲಿ ಬೇರೆ ಬಗೆಯಲ್ಲಿ ಸರಳಗೊಳಿಸಿ, ಈಗ 2,136 ಅಕ್ಷರಗಳನ್ನು ನಿತ್ಯಬಳಕೆಗೆ ಗೊತ್ತುಮಾಡಿದೆ. ತೈವಾನ್ ಹಳೆಯ ರೂಪಗಳನ್ನೇ ಉಳಿಸಿಕೊಂಡಿದೆ. ಉತ್ತರ ಕೊರಿಯಾ ಚೀನೀ ಅಕ್ಷರಗಳನ್ನೇ ಪತ್ರಿಕೆಗಳಿಂದ ತೆಗೆದುಹಾಕಿತು; ದಕ್ಷಿಣದ ಶಾಲೆಗಳಲ್ಲಿ 1,800 ಅಕ್ಷರಗಳ ಪಟ್ಟಿ ಇದ್ದರೂ ಪತ್ರಿಕೆ, ಪುಸ್ತಕಗಳೆಲ್ಲ ಹಂಗುಲ್‌ಮಯ. 2014ರಲ್ಲಿ ಮೂರು ದೇಶಗಳ ಗಣ್ಯರು ಸೇರಿ ಮೂವರಿಗೂ ಸಮಾನವಾದ 808 ಅಕ್ಷರಗಳ ಪಟ್ಟಿಯೊಂದನ್ನು ಪ್ರಕಟಿಸಿದರು. ಹಿಂದೆ ಕೊರಿಯಾದ ರಾಯಭಾರಿಗಳು ಎಡೊ ನಗರಕ್ಕೆ, ಅಂದರೆ ಇಂದಿನ ಟೋಕಿಯೋಗೆ, ಹೋದಾಗ ಜಪಾನೀ ಪಂಡಿತರು ಕುಂಚ, ಕಾಗದ ಹಿಡಿದು ಬಿಡಾರಕ್ಕೆ ಬಂದು ರಾತ್ರಿಯಿಡೀ ಬರೆದು ಬರೆದೇ ಹರಟುತ್ತಿದ್ದರು, ಒಬ್ಬರ ಮಾತು ಒಬ್ಬರಿಗೆ ಒಂದಕ್ಷರ ತಿಳಿಯದಿದ್ದರೂ. 1607ರಿಂದ 1811ರವರೆಗೆ ಜಪಾನಿಗೆ ಹನ್ನೆರಡು ನಿಯೋಗಗಳು ಹೋಗಿಬಂದವು. ಇಂದು ಸೋಲ್ ಮತ್ತು ಟೋಕಿಯೋದ ತರುಣರು ಭೇಟಿಯಾದರೆ ಮಾತಾಡುವುದು ಇಂಗ್ಲಿಷಿನಲ್ಲಿ.